ಗ್ರೈಂಡರ್ ಕೊಳ್ಳುವ ಮೊದಲು ಲೇಬಲ್ ಓದಿರಿ: ಕೈಯಲ್ಲಿ ಹಿಡಿಯುವ ಕರೆಂಟ್ ಟೂಲ್‌ಗಳ ಸುರಕ್ಷತೆ



ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಮುಗಳಖೋಡ, ಹಾರೂಗೇರಿ, ಕುಡಚಿ ಭಾಗದ ಹೊಲಮನೆಗಳಲ್ಲಿ ಗ್ರೈಂಡರ್ ಸದ್ದು ಶುರುವಾಗುತ್ತದೆ. ಕೊಯ್ತಾ, ಕುಡಗೋಲಿಗೆ ಸಾಣೆ ಹಿಡಿಯಲು ಗ್ರೈಂಡರ್ ಬೇಕು, ಟ್ರೇಲರ್ ಹಲಗೆಗೆ ತೂತು ಹಾಕಲು ಡ್ರಿಲ್ ಬೇಕು, ಪೈಪು ಕತ್ತರಿಸಲು ಕಟರ್ ಬೇಕು. ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಗೆ ಬ್ಯಾಟರಿ ಕತ್ತರಿಯೂ ಬಂದಿದೆ. ಮೊದಲು ಗೌಂಡಿ, ವೆಲ್ಡರ್ ಹತ್ತಿರ ಮಾತ್ರ ಇದ್ದ ಈ ಟೂಲ್‌ಗಳು ಈಗ ಮೋಟಾರ್ ಶೆಡ್ಡಿನ ಗೂಟಕ್ಕೆ ನೇತಾಡುತ್ತಿವೆ.

ಕೊಳ್ಳುವಾಗ ನಾವು ಕೇಳುವುದು ಎರಡೇ ಪ್ರಶ್ನೆ: "ಎಷ್ಟ ವ್ಯಾಟ್ ಐತಿ? ರೇಟ್ ಎಷ್ಟರಿ?" ಮೂರನೆಯ ಪ್ರಶ್ನೆಯೊಂದು ಇದೆ: "ಇದು ಯಾವ ಪರೀಕ್ಷೆ ಪಾಸ್ ಆಗೇತ್ರಿ?" ಈ ವಾರದ ಪಾಠ ಆ ಪ್ರಶ್ನೆಯ ಬಗ್ಗೆ. ಅದರ ಜೊತೆಗೇ ತಿಳಿಯಬೇಕಾದ ಇನ್ನೊಂದು ಮಾತಿದೆ. ಅಂಗಡಿಯಲ್ಲಿ ಪಾಸ್ ಆಗಿದ್ದ ಟೂಲನ್ನು ಹೊಲದಲ್ಲಿ ಫೇಲ್ ಮಾಡುವುದು ನಮ್ಮದೇ ಕೈ.

ಪರೀಕ್ಷೆ ಎಂದರೆ ಏನು ನೋಡುತ್ತಾರೆ?

ಕೈಯಲ್ಲಿ ಹಿಡಿದು ನಡೆಸುವ ಮೋಟಾರ್ ಟೂಲ್‌ಗಳಿಗೆ ಜಗತ್ತಿನಲ್ಲಿ ಬಳಕೆಯಲ್ಲಿರುವ ಮಾನದಂಡ ಐಇಸಿ 60745. ಅದರ ಮುಂದುವರಿದ ರೂಪ 2014ರಲ್ಲಿ ಶುರುವಾದ ಐಇಸಿ 62841 ಸರಣಿ. ಡ್ರಿಲ್ಲಿಗೆ ಒಂದು ಭಾಗ, ಗ್ರೈಂಡರಿಗೆ ಒಂದು, ಮರ ಕೊಯ್ಯುವ ಚೈನ್ ಗರಗಸಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಭಾಗಗಳಿವೆ.

ಪರೀಕ್ಷಾಲಯದಲ್ಲಿ ಟೂಲಿನ ಒಳಗಿನ ಇನ್ಸುಲೇಷನ್ ಮೇಲೆ ಮಾಮೂಲಿಗಿಂತ ಹಲವು ಪಟ್ಟು ವೋಲ್ಟೇಜ್ ಹಾಕಿ ಕರೆಂಟ್ ಸೋರುತ್ತದೆಯೇ ಎಂದು ನೋಡುತ್ತಾರೆ. ತೇವದ ಕೋಣೆಯಲ್ಲಿಟ್ಟು ಮತ್ತೆ ಅದೇ ಪರೀಕ್ಷೆ ಮಾಡುತ್ತಾರೆ. ವೈರನ್ನು ಎಳೆದು, ತಿರುಚಿ ನೋಡುತ್ತಾರೆ. ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಮೂರು ಸಲ ಬೀಳಿಸಿ, ಒಳಗಿನ ತಂತಿ ಬೆರಳಿಗೆ ಸಿಗುವಂತೆ ಒಡೆಯಿತೇ ಎಂದು ಪರಿಶೀಲಿಸುತ್ತಾರೆ. ಚಕ್ರದ ಗಾರ್ಡ್ ಗಟ್ಟಿ ಇದೆಯೇ ಎಂದೂ ನೋಡುತ್ತಾರೆ.

ಅಂದರೆ ಪಾಸ್ ಆಗಿದ್ದು ಬರೀ ಮೋಟಾರ್ ಅಲ್ಲ. ವೈರು, ಪ್ಲಗ್, ಗಾರ್ಡ್, ಸ್ವಿಚ್, ಪಕ್ಕದ ಹಿಡಿ ಎಲ್ಲ ಸೇರಿದ ಒಂದು ಪೂರ್ತಿ ಯಂತ್ರ. ಇದರಲ್ಲಿ ಒಂದನ್ನು ತೆಗೆದರೂ ಆ ಸರ್ಟಿಫಿಕೇಟಿಗೆ ಬೆಲೆ ಇಲ್ಲ.

ಮೂರು ವರ್ಗ, ಮೂರು ಗುರುತು

ಶಾಕ್‌ನಿಂದ ಕಾಪಾಡುವ ರೀತಿಯ ಮೇಲೆ ಟೂಲ್‌ಗಳಲ್ಲಿ ಮೂರು ವರ್ಗ ಇವೆ.

1. ಮೊದಲ ವರ್ಗ: ಲೋಹದ ಮೈ, ಮೂರು ಪಿನ್ನಿನ ಪ್ಲಗ್. ಒಳಗೆ ತಂತಿ ಮೈಗೆ ತಾಗಿದರೆ ಕರೆಂಟ್ ಅರ್ಥ್ ತಂತಿಯ ಮೂಲಕ ಹೋಗಿ ಫ್ಯೂಸ್ ಹಾರಬೇಕು. ಅರ್ಥಿಂಗ್ ಸರಿ ಇದ್ದರೆ ಮಾತ್ರ ಇದು ಸುರಕ್ಷಿತ. ಮೂರನೇ ಪಿನ್ ಮುರಿದ ಹಳೇ ಡ್ರಿಲ್ ಹಿಡಿದವನಿಗೆ ಯಾವ ರಕ್ಷಣೆಯೂ ಇಲ್ಲ.

2. ಎರಡನೇ ವರ್ಗ: ಲೇಬಲ್ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕ ಇರುತ್ತದೆ. ಇದು ಡಬಲ್ ಇನ್ಸುಲೇಷನ್ ಗುರುತು. ಇದಕ್ಕೆ ಅರ್ಥ್ ಬೇಡ, ಎರಡೇ ಪಿನ್ ಇರುತ್ತದೆ. "ಎರಡ ಪಿನ್ ಅಂದ್ರ ಹಲ್ಕಾ ಮಾಲ" ಎಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಎರಡು ಪಿನ್ ಇದ್ದು ಚೌಕದ ಗುರುತು ಇಲ್ಲದಿದ್ದರೆ ಮಾತ್ರ ಅದನ್ನು ಕೊಳ್ಳಬೇಡಿ.

3. ಮೂರನೇ ವರ್ಗ: ಕಡಿಮೆ ವೋಲ್ಟೇಜಿನಲ್ಲಿ ನಡೆಯುವ ಟೂಲ್. 18 ವೋಲ್ಟ್ ಬ್ಯಾಟರಿ ಡ್ರಿಲ್, ಬ್ಯಾಟರಿ ಕತ್ತರಿಗಳಲ್ಲಿ ಕೆಲಸದ ವೇಳೆ 230 ವೋಲ್ಟ್ ಹತ್ತಿರವೇ ಬರುವುದಿಲ್ಲ.

ನೆನಪಿರಲಿ, ಡಬಲ್ ಇನ್ಸುಲೇಷನ್ ಎಂದರೆ ವಾಟರ್‌ಪ್ರೂಫ್ ಅಲ್ಲ. ಗಾಳಿ ಎಳೆಯುವ ಕಿಂಡಿಯಿಂದ ನೀರು ಒಳಗೆ ಹೋದರೆ ಎರಡೂ ಇನ್ಸುಲೇಷನ್ ದಾಟಿ ಕರೆಂಟ್ ಹೊರಗೆ ಬರಬಹುದು. ಮಳೆಯಲ್ಲಿ, ನೀರು ಹಾಯಿಸಿದ ಹೊಲದಲ್ಲಿ ಪ್ಲಗ್ ಹಾಕುವ ಟೂಲ್ ಬೇಡ.

ಅಂಗಡಿಯಲ್ಲಿ ಯಾವ ಗುರುತು ನಂಬಬೇಕು?

ಐಎಸ್‌ಐ: ನಮ್ಮ ದೇಶದ ಮಾನಕ ಸಂಸ್ಥೆ ಹುಟ್ಟಿದ್ದು 1947ರಲ್ಲಿ. 1987ರಿಂದ ಅದು ಬಿಐಎಸ್ ಆಗಿದೆ. ನಿಜವಾದ ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ ಸಂಖ್ಯೆ, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಚಿತ್ರ ಇದ್ದು ಸಂಖ್ಯೆ ಇಲ್ಲದಿದ್ದರೆ ಅನುಮಾನ ಪಡಿ. ಮೊಬೈಲಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಹೊಡೆದರೆ ಲೈಸೆನ್ಸ್ ಯಾರದು, ಯಾವ ವಸ್ತುವಿನದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಡ್ರಿಲ್ ಮೇಲಿನ ಸಂಖ್ಯೆ ಹೊಡೆದಾಗ ಬೇರೆ ವಸ್ತುವಿನ ಹೆಸರು ಬಂದರೆ ಕೈಮುಗಿದು ಮುಂದಿನ ಅಂಗಡಿಗೆ ಹೋಗಿ. ಸುಳ್ಳು ಗುರುತು ಹಾಕುವುದು 2016ರ ಬಿಐಎಸ್ ಕಾಯ್ದೆಯಡಿ ಅಪರಾಧ.

ಐಎಸ್‌ಐ ಕಡ್ಡಾಯವಾದ ವಸ್ತುಗಳ ಪಟ್ಟಿ ಆಗಾಗ ಬೆಳೆಯುತ್ತಿರುತ್ತದೆ. ಆದರೆ ಟೂಲಿಗೆ ಕರೆಂಟ್ ಕೊಡುವ ಪಿವಿಸಿ ವೈರು, ಎಂಸಿಬಿ, ಆರ್‌ಸಿಸಿಬಿ ಇವಕ್ಕೆ 2003ರ ಆದೇಶದಿಂದಲೇ ಕಡ್ಡಾಯ. ವೈರಿನ ಮೇಲೆ ಐಎಸ್ 694, ಆರ್‌ಸಿಸಿಬಿ ಮೇಲೆ ಐಎಸ್ 12640 ಇದೆಯೇ ನೋಡಿ.

ಆರ್ ಸಂಖ್ಯೆ: ಬ್ಯಾಟರಿ ಟೂಲಿನ ಲಿಥಿಯಂ ಪ್ಯಾಕ್ ಮೇಲೆ ಐಎಸ್ 16046 ಮತ್ತು 'ಆರ್-' ಎಂದು ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಇದನ್ನೂ ಅದೇ ಆ್ಯಪಿನಲ್ಲಿ ಪರಿಶೀಲಿಸಬಹುದು. ಅಗ್ಗದ ಪ್ಯಾಕ್‌ಗಳ ಮೇಲೆ 88, 128 ಎಂದು ದೊಡ್ಡ ಅಂಕಿ ಬರೆದು ಪಕ್ಕದಲ್ಲಿ 'ವಿಎಫ್' ಎಂದು ಹಾಕಿರುತ್ತಾರೆ. ಅದು ವೋಲ್ಟ್ ಅಲ್ಲ. ಒಳಗೆ ಸಾಲಾಗಿ 5 ಸೆಲ್ ಇದ್ದರೆ ಅದು 18 ವೋಲ್ಟಿನ ಪ್ಯಾಕೇ.

ಸಿಇ: ಇದು ಯುರೋಪಿನ ಮಾರುಕಟ್ಟೆಯ ಗುರುತು. ಬಹಳ ವಸ್ತುಗಳಿಗೆ ಕಂಪನಿ ತಾನೇ ಘೋಷಿಸಿಕೊಂಡು ಹಾಕುತ್ತದೆ. ಐಎಸ್‌ಐ ಬದಲಿಗೆ ಇದು ನಡೆಯುವುದಿಲ್ಲ.

ಐಎಸ್‌ಒ 9001: ಇದು ಕಂಪನಿಯ ಆಡಳಿತ ಪದ್ಧತಿಗೆ ಸಿಗುವ ಪತ್ರ. ನಿಮ್ಮ ಕೈಯಲ್ಲಿರುವ ಗ್ರೈಂಡರ್ ಶಾಕ್ ಹೊಡೆಯುವುದಿಲ್ಲ ಎಂದು ಅದು ಹೇಳುವುದಿಲ್ಲ.

ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. "ಸಾವಕಾರ್ರ, ಇದರ ಮ್ಯಾಲ ಎರಡ ಚೌಕ ಎಲ್ಲಿ ಐತ್ರಿ? ಪಕ್ಕಾ ಬಿಲ್ ಕೊಡ್ತೀರೇನ್ರಿ?" ಇಷ್ಟು ಕೇಳಿದರೆ ಸಾಕು, ಮಾಲು ಎಂಥದ್ದೆಂದು ಅವರ ಮುಖ ನೋಡಿಯೇ ತಿಳಿಯುತ್ತದೆ.

ಚಕ್ರಕ್ಕೂ ಲೇಬಲ್ ಇದೆ

4 ಇಂಚಿನ ಗ್ರೈಂಡರ್ ಚಕ್ರದ ಮೇಲೆ ಸೆಕೆಂಡಿಗೆ 80 ಮೀಟರ್ ಅಥವಾ ನಿಮಿಷಕ್ಕೆ 15,300 ಸುತ್ತು ಎಂದು ಬರೆದಿರುತ್ತದೆ. 80 ಮೀಟರ್ ಎಂದರೆ ಗಂಟೆಗೆ 288 ಕಿಲೋಮೀಟರ್ ವೇಗ. ಆ ವೇಗದಲ್ಲಿ ಚಕ್ರ ಒಡೆದರೆ ಚೂರುಗಳನ್ನು ತಡೆಯುವುದು ಗಾರ್ಡ್ ಒಂದೇ.

ಮೂರು ನಿಯಮ ಪಾಲಿಸಿ. ಒಂದು, ಚಕ್ರದ ಮೇಲಿನ ಸುತ್ತಿನ ಸಂಖ್ಯೆ ಯಾವಾಗಲೂ ಟೂಲಿನ ಸುತ್ತಿಗಿಂತ ಹೆಚ್ಚಿರಬೇಕು. 7 ಇಂಚಿನ ಚಕ್ರ ತಡೆಯುವುದು ಸುಮಾರು 8,500 ಸುತ್ತು. ಅದನ್ನು 11,000 ಸುತ್ತು ತಿರುಗುವ ಸಣ್ಣ ಗ್ರೈಂಡರಿಗೆ ಹಾಕಿದರೆ ಒಡೆಯಬಹುದು. 5 ಇಂಚಿನದು ಹಾಕಲು ಗಾರ್ಡ್ ಬಿಚ್ಚಬೇಕಾಗುತ್ತದೆ, ಹಾಗಾಗಿ ಅದೂ ಬೇಡ. ಎರಡು, ಬಹಳಷ್ಟು ಚಕ್ರಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ. ಅವಧಿ ಮುಗಿದದ್ದು, ತೇವ ತಿಂದದ್ದು ಎಸೆಯಿರಿ. ಮೂರು, ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಎಂದೂ ಹಾಕಬೇಡಿ. ಹಲ್ಲು ಕಟ್ಟಿಗೆಗೆ ಸಿಕ್ಕಿಕೊಂಡ ಕ್ಷಣದಲ್ಲಿ ಟೂಲ್ ಒದ್ದು ಕೈ ಅಥವಾ ತೊಡೆಯ ಮೇಲೆ ಬರುತ್ತದೆ.

ಹೊಲದ ಕರೆಂಟ್: ಇಲ್ಲಿಯೇ ಜೀವ ಹೋಗುವುದು

ಪಂಪ್‌ಸೆಟ್ಟಿಗೆ ಮೂರು ಫೇಸ್ ಸಾಕು, ನ್ಯೂಟ್ರಲ್ ಬೇಕಿಲ್ಲ. ಅದಕ್ಕೆ ಎಷ್ಟೋ ಮೋಟಾರ್ ಶೆಡ್ಡುಗಳಲ್ಲಿ ನ್ಯೂಟ್ರಲ್ ತಂತಿಯೇ ಇರುವುದಿಲ್ಲ. ಆಗ ನಮ್ಮವರು ಮಾಡುವ ಉಪಾಯ ಗೊತ್ತಿದ್ದದ್ದೇ. ಸ್ಟಾರ್ಟರಿನಿಂದ ಒಂದು ಫೇಸ್ ಎಳೆದು, ನೆಲಕ್ಕೆ ಒಂದು ಗೂಟ ಬಡಿದು ಅದನ್ನೇ ನ್ಯೂಟ್ರಲ್ ಮಾಡುವುದು. ಬಲ್ಬ್ ಹತ್ತುತ್ತದೆ, ಗ್ರೈಂಡರೂ ತಿರುಗುತ್ತದೆ.

ಲೆಕ್ಕ ಹಾಕಿ ನೋಡಿ. 900 ವ್ಯಾಟಿನ ಗ್ರೈಂಡರ್ 230 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತದೆ. ಗೂಟದ ನೆಲದಲ್ಲಿ 20 ಓಮ್ ತಡೆ ಇದೆ ಎಂದುಕೊಂಡರೆ ಕರೆಂಟ್ ಸುಮಾರು 3 ಆಂಪಿಯರಿಗೆ ಇಳಿದು, ಗೂಟದ ಮೇಲೆ ಸುಮಾರು 60 ವೋಲ್ಟ್ ನಿಲ್ಲುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಷ್ಟೂ ಇದು ಏರುತ್ತದೆ. ಗೂಟದ ತಂತಿ ಕಿತ್ತರೆ ಆ ತುದಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅಲ್ಲಿ ಎಮ್ಮೆ ಕಟ್ಟಿದ್ದರೆ, ಮಗು ಬರಿಗಾಲಲ್ಲಿ ತಂತಿ ಮುಟ್ಟಿದರೆ ಗತಿ ಏನು? ಗ್ರೈಂಡರಿನ ಮುಂದೆ ಆರ್‌ಸಿಸಿಬಿ ಇದ್ದರೂ ಗೂಟದ ಕಡೆ ಹೊಡೆಯುವ ಈ ಶಾಕನ್ನು ಅದು ಗುರುತಿಸಲಾರದು. ಟೂಲಿನ ಮೂರನೇ ಪಿನ್ನನ್ನೂ ಅದೇ ಗೂಟಕ್ಕೆ ಕಟ್ಟಿದ್ದರೆ ಟೂಲಿನ ಮೈಗೇ ಕರೆಂಟ್ ಬಂದಂತೆ. ಇನ್ನು ಎರಡು ಫೇಸ್ ಹಾಕಿದರೆ 415 ವೋಲ್ಟ್ ಆಗಿ ಟೂಲ್ ಸುಟ್ಟೇ ಹೋಗುತ್ತದೆ.

ಎಷ್ಟೇ ಒಳ್ಳೆಯ ಸರ್ಟಿಫಿಕೇಟ್ ಇದ್ದರೂ ಈ ಗೂಟದ ಮುಂದೆ ನಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. ಹೊಲದ ನಡುವಿನ ಕೆಲಸಕ್ಕೆ ಬ್ಯಾಟರಿ ಟೂಲ್ ಕೊಳ್ಳಿ. ಚಾರ್ಜ್ ಮನೆಯಲ್ಲಿ ಮಾಡಿ. ಶಾಕ್ ಭಯ ಇರುವುದಿಲ್ಲ, ಆದರೆ ಕತ್ತರಿ ಬೆರಳನ್ನೂ ಕತ್ತರಿಸುತ್ತದೆ ಎಂಬುದು ನೆನಪಿರಲಿ.

2. ಗ್ರೈಂಡರ್ ಕೆಲಸ ಮನೆ ಹತ್ತಿರ, ಒಣ ನೆಲದ ಮೇಲೆ, ಸರಿಯಾದ ನ್ಯೂಟ್ರಲ್, ಅರ್ಥ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಬೋರ್ಡಿನಿಂದ ಮಾಡಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಾಯಿಸಿ.

3. ಶೆಡ್ಡಿನಲ್ಲಿ ಸಿಂಗಲ್ ಫೇಸ್ ಬೇಕಿದ್ದರೆ ಹೆಸ್ಕಾಂ ಶಾಖೆಗೆ ಅರ್ಜಿ ಕೊಟ್ಟು, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ವೈರಿಂಗ್ ಮಾಡಿಸಿ. ತಂತಿ ಹರಿದುಬಿದ್ದರೆ 1912ಕ್ಕೆ ಫೋನ್ ಮಾಡಿ.

4. ಎಕ್ಸ್‌ಟೆನ್ಶನ್‌ಗೆ ಮೂರು ಕೋರಿನ, 1.5 ಚದರ ಮಿಲಿಮೀಟರಿನ ತಾಮ್ರದ ವೈರು ಬಳಸಿ. ಸುರುಳಿ ಪೂರ್ತಿ ಬಿಚ್ಚಿರಿ. ಟೇಪ್ ಸುತ್ತಿದ ಜೋಡಣೆ ನೆಲದ ಮೇಲೆ ಬೇಡ, ಪ್ಲಗ್ ಇಲ್ಲದೆ ತಂತಿ ತುದಿ ಚುಚ್ಚುವುದು ಬೇಡ.

5. ಕರೆಂಟ್ ಹೋದರೆ ಮೊದಲು ಪ್ಲಗ್ ಕೀಳಿ. ಸ್ವಿಚ್ ಲಾಕ್ ಆಗಿಯೇ ಇದ್ದರೆ ಕರೆಂಟ್ ಬಂದ ಕೂಡಲೇ ನೆಲದ ಮೇಲಿದ್ದ ಗ್ರೈಂಡರ್ ಓಡಾಡುತ್ತದೆ. ಚಕ್ರ ಬದಲಿಸುವಾಗಲೂ ಪ್ಲಗ್ ಹೊರಗಿರಲಿ.

6. ಕಣ್ಣಿಗೆ ಕನ್ನಡಕ ಹಾಕಿ. ಟವೆಲ್, ಸಡಿಲ ಅಂಗಿ, ಸೀರೆಯ ಸೆರಗು ತಿರುಗುವ ಭಾಗದಿಂದ ದೂರ ಇರಲಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಬಂದ್ ಮಾಡಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಮಾಲು ಕೆಟ್ಟದಿದ್ದರೆ

ಪಕ್ಕಾ ಬಿಲ್, ಡಬ್ಬಿ, ಲೇಬಲ್ಲಿನ ಫೋಟೊ ಇಟ್ಟುಕೊಳ್ಳಿ. ಮಿರಜ, ಸಾಂಗ್ಲಿಯಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ನಮಗೆ ಅದು ಬೆಳಗಾವಿ ಜಿಲ್ಲಾ ಗ್ರಾಹಕ ಆಯೋಗ. ದೋಷದ ವಸ್ತುವಿನಿಂದ ಗಾಯವಾದರೆ ತಯಾರಕ, ಮಾರಾಟಗಾರರಿಂದ ಪರಿಹಾರ ಕೇಳುವ ಹಕ್ಕೂ ಅದರಲ್ಲಿದೆ. ದೂರಿಗೆ ಎರಡು ವರ್ಷದ ಗಡುವು. ಮೊದಲು 1915 ಸಹಾಯವಾಣಿಗೆ ಕೇಳಿ ನೋಡಿ. ಆದರೆ ಗಾರ್ಡ್ ಬಿಚ್ಚಿದ, ಪ್ಲಗ್ ಕತ್ತರಿಸಿದ ಟೂಲ್ ತೆಗೆದುಕೊಂಡು ಹೋದರೆ ನಿಮ್ಮ ವಾದ ಅಲ್ಲಿಯೇ ಸೋಲುತ್ತದೆ.

ಈ ವಾರದ ಕೆಲಸ

ನಿಮ್ಮ ಶೆಡ್ಡಿನ ಟೂಲ್‌ಗಳನ್ನೆಲ್ಲ ಒಂದು ಗೋಣಿಚೀಲದ ಮೇಲೆ ಹರವಿ. ಚೌಕದ ಗುರುತು, ಮೂರನೇ ಪಿನ್, ಗಾರ್ಡ್, ಪಕ್ಕದ ಹಿಡಿ, ವೈರು, ಚಕ್ರದ ತಾರೀಖು ಒಂದೊಂದಾಗಿ ನೋಡಿ. ಬಿಚ್ಚಿಟ್ಟ ಗಾರ್ಡ್ ಹುಡುಕಿ ಮತ್ತೆ ಹಾಕಿ. ನೆಲದಲ್ಲಿ ಆ ನ್ಯೂಟ್ರಲ್ ಗೂಟ ಇದ್ದರೆ ಇವತ್ತೇ ಬಂದ್ ಮಾಡಿಸಿ. ಕಬ್ಬು ಕಡಿಯಲು ಬರುವ ಗ್ಯಾಂಗಿನವರೂ ಇದೇ ಟೂಲ್ ಹಿಡಿಯುತ್ತಾರೆ, ಅವರ ಮನೆಯಲ್ಲೂ ಕಾಯುವವರಿದ್ದಾರೆ.