ಮೂಟೆ ಎತ್ತಿಕೊಡುವ ಕೈಗಳು

ಓದಿಕೊಳ್ಳಬೇಕಾದ ಭಾಗ: ಮಾರ್ಕ 2:1-12, ಗಲಾತ್ಯರಿಗೆ 6:2-5



ತರಗುಪೇಟೆಯಲ್ಲಿ ಲಾರಿಯಿಂದ ಅಕ್ಕಿ, ಬೇಳೆ ಮೂಟೆ ಇಳಿಸುವಾಗ ಒಂದು ಕ್ಷಣ ನಿಂತು ನೋಡಿ. ಎಂಥ ಗಟ್ಟಿಮುಟ್ಟಾದ ಹಮಾಲಿಯೂ ಮೂಟೆಯನ್ನು ತಾನೇ ಎತ್ತಿ ಬೆನ್ನಿಗೇರಿಸಿಕೊಳ್ಳುವುದಿಲ್ಲ. ಅವನು ಬಾಗಿ ನಿಲ್ಲುತ್ತಾನೆ, ಜೊತೆಯವರು ಎತ್ತಿ ಇಡುತ್ತಾರೆ. ಆಮೇಲೆ ಅಂಗಡಿಯವರೆಗೆ ಹೊರುವವನು ಅವನೊಬ್ಬನೇ. "ಸ್ವಲ್ಪ ಎತ್ತಿಕೊಡಪ್ಪ" ಎಂದು ಕೇಳಲು ಅವನಿಗೆ ನಾಚಿಕೆಯಿಲ್ಲ.

ನಮ್ಮ ಹದಿಹರೆಯದ ಮಕ್ಕಳಿಗೆ ಈ ಒಂದು ಮಾತು ಬಾಯಿಗೆ ಬರುವುದಿಲ್ಲ. ಅದನ್ನು ಕಲಿಸುವುದಕ್ಕಾಗಿಯೇ ಕಥೋಲಿಕ ಶಾಲೆಗಳಲ್ಲಿ ಒಂದು ದಿನ ಪುಸ್ತಕ ಮುಚ್ಚಿಟ್ಟು ಆಟ, ಮಾತುಕತೆ, ಪ್ರಾರ್ಥನೆಯ ಶಿಬಿರ ನಡೆಸುತ್ತಾರೆ. "ಪರೀಕ್ಷೆ ಹತ್ತಿರ ಬಂತು, ಆಟದಲ್ಲಿ ಒಂದು ದಿನ ಹಾಳು ಮಾಡುವುದೇಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆನ್ನುತ್ತಾರೆ. ಮೂರು ವಚನ ದಾಟುವಷ್ಟರಲ್ಲಿ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾರೆ. ಇದು ಎರಡು ಮಾತಲ್ಲವೇ? ಅಲ್ಲ. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿರುವುದು ಎರಡು ಬೇರೆ ಪದಗಳು. ಮೊದಲನೆಯದು 'ಬಾರೊಸ್', ಜಗ್ಗಿಸಿ ಬೀಳಿಸುವಂಥ ತೂಕ. ಎರಡನೆಯದು 'ಫೋರ್ಟಿಯೊನ್', ಅವರವರ ಪಾಲಿನ ಹೊರೆ. ಓದು, ಮನೆಗೆಲಸ, ಶಿಸ್ತು ಮಗುವಿನ ಪಾಲಿನ ಹೊರೆ. ಅದನ್ನು ನಾವು ಕಿತ್ತುಕೊಳ್ಳಬಾರದು. ಆದರೆ ಸೋಲಿನ ಭಯ, ಅವಮಾನ, ಒಂಟಿತನ, ಮನೆಯ ಜಗಳದ ನೋವು ಬೀಳಿಸುವ ತೂಕ. ಅದಕ್ಕೆ ಜೊತೆಯವರ ಕೈ ಬೇಕು.

ಈಗ ಮಾರ್ಕನ ಶುಭಸಂದೇಶಕ್ಕೆ ಬನ್ನಿ. ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದರು. ಬಾಗಿಲಲ್ಲಿ ಜನಜಂಗುಳಿ. ಅವರು ಮಾಳಿಗೆ ಬಿಚ್ಚಿ ಅವನನ್ನು ಕೆಳಗಿಳಿಸಿದರು. ಯೇಸುಸ್ವಾಮಿ ನೋಡಿದ್ದು 'ಅವರ' ವಿಶ್ವಾಸವನ್ನು ಎಂದು ಮಾರ್ಕನು ಬರೆಯುತ್ತಾನೆ. ಮೂವರೇ ಇದ್ದಿದ್ದರೆ ಹಾಸಿಗೆ ಓರೆಯಾಗುತ್ತಿತ್ತು. ಮಲಗಿದವನೂ ತನ್ನನ್ನು ಹೊರಲು ಒಪ್ಪಿದನು ಎಂಬುದನ್ನು ಮರೆಯಬೇಡಿ. ಹೊರುವುದಕ್ಕೆ ಬಲ ಬೇಕು, ಹೊರಿಸಿಕೊಳ್ಳುವುದಕ್ಕೆ ದೀನತೆ ಬೇಕು.

ಶಿಬಿರದ ಆಟಗಳು ಕಲಿಸುವುದು ಇದನ್ನೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗ ಗೆಳೆಯನ ಮಾತನ್ನು ನಂಬಿ ಹೆಜ್ಜೆಯಿಡುತ್ತಾನೆ. ನಮ್ಮ ಕಬಡ್ಡಿಯನ್ನೇ ನೋಡಿ: ಔಟಾದವನು ಹೊರಗೆ ಕೂರುತ್ತಾನೆ, ಜೊತೆಗಾರನು ಎದುರಾಳಿಯನ್ನು ಔಟ್ ಮಾಡಿದಾಗ ಅವನಿಗೆ ಮತ್ತೆ ಜೀವ ಬರುತ್ತದೆ. ಸೋತವನನ್ನು ಒಳಗೆ ಕರೆಯುವ ಆಟ ಅದು. ತರಗತಿಯೂ ಹಾಗಿರಬೇಡವೇ?

ಸಂತ ಡಾನ್ ಬಾಸ್ಕೊರವರು ಇದನ್ನು ಬಾಲ್ಯದಲ್ಲೇ ಅರಿತಿದ್ದರು. ಇಟಲಿಯ ಕಿಯೇರಿ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1832ರಲ್ಲಿ, ಅವರು ಸಹಪಾಠಿಗಳನ್ನು ಕೂಡಿಸಿ 'ಹರ್ಷ ಸಂಘ'ವನ್ನು ಕಟ್ಟಿದರು. ಕ್ರೈಸ್ತನಿಗೆ ತಕ್ಕುದಲ್ಲದ ನಡೆನುಡಿ ಬೇಡ, ಓದು ಮತ್ತು ಧರ್ಮದ ಕರ್ತವ್ಯಗಳನ್ನು ತಪ್ಪಿಸಬೇಡ ಎಂಬುದೇ ಅದರ ನಿಯಮ. ಆಟ, ಕಥೆ, ನಡಿಗೆ, ಪ್ರಾರ್ಥನೆ ಎಲ್ಲವೂ ಅಲ್ಲಿ ಒಟ್ಟಿಗೆ ಇದ್ದವು. ಹರ್ಷವು ಓದಿನ ಶತ್ರುವಾಗಿರಲಿಲ್ಲ.

ವಿಷಯ ಹಗುರವಾದುದಲ್ಲ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಸರಿಯಾಗಿ ಊಟ ಮಾಡದಿದ್ದರೆ, ನಿದ್ದೆಗೆಟ್ಟರೆ, ಗೆಳೆಯರಿಂದ ದೂರ ಸರಿದರೆ, "ನಾನಿದ್ದೇನು ಪ್ರಯೋಜನ" ಎಂದರೆ, ಅದನ್ನು ಸೋಮಾರಿತನವೆಂದೋ ಪಾಪವೆಂದೋ ಗದರಬೇಡಿ. ಪ್ರಾರ್ಥಿಸಿ, ವೈದ್ಯರ ಬಳಿಗೂ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಕೇಂದ್ರಬಿಂದು.

ಶಿಕ್ಷಕರಲ್ಲಿಯೂ ಒಂದು ಮಾತು. ಎಲ್ಲರೆದುರು ನೋವು ಹೇಳಿಕೊಳ್ಳುವಂತೆ ಯಾವ ಮಗುವನ್ನೂ ಒತ್ತಾಯಿಸಬೇಡಿ. ಹೇಳಿಕೊಂಡದ್ದು ಮರುದಿನ ಗೇಲಿಯ ಮಾತಾಗದಂತೆ ಕಾಯಿರಿ. ಅನ್ಯಧರ್ಮದ ಮಕ್ಕಳೂ ನಮ್ಮ ಶಾಲೆಯ ಮಕ್ಕಳೇ. ಅವರು ಅಂಚಿನಲ್ಲಿ ಕೂರುವಂತಾಗಬಾರದು. ಒಂದು ದಿನದ ಶಿಬಿರ ಬಾಗಿಲನ್ನು ತೆರೆಯಬಲ್ಲದು, ಅಷ್ಟೇ. ಅದನ್ನು ತೆರೆದಿಡಬೇಕಾದವರು ಶಾಲೆಯವರು ಮತ್ತು ಮನೆಯವರು.

ಮನೆಯಲ್ಲಿ ಚಿಂತನೆಗೆ:

1. ಶಿಬಿರದಿಂದ ಬಂದ ಮಗುವನ್ನು "ಏನು ಕಲಿತೆ?" ಎಂದು ಕೇಳುವ ಬದಲು "ಇವತ್ತು ಯಾರು ನಿನಗೆ ಕೈಕೊಟ್ಟರು? ನೀನು ಯಾರಿಗೆ?" ಎಂದು ಕೇಳಿದ್ದೀರಾ?

2. ಮಗು ಹೊರಬೇಕಾದ ಯಾವ ಹೊರೆಯನ್ನು ನೀವು ಹೊರುತ್ತಿದ್ದೀರಿ? ಅದು ಒಂಟಿಯಾಗಿ ಹೊರಲಾರದ ಯಾವ ಭಾರವನ್ನು ನೋಡದೆ ಬಿಟ್ಟಿದ್ದೀರಿ?

3. ನಿಮಗೆ ಕಷ್ಟ ಬಂದಾಗ "ಸ್ವಲ್ಪ ಎತ್ತಿಕೊಡಿ" ಎಂದು ನೀವು ಕೇಳುವುದನ್ನು ನಿಮ್ಮ ಮಕ್ಕಳು ಎಂದಾದರೂ ಕೇಳಿಸಿಕೊಂಡಿದ್ದಾರೆಯೇ?

ಈ ವಾರ ಒಂದು ರಾತ್ರಿ ಊಟವಾದ ಮೇಲೆ ಟಿ.ವಿ., ಮೊಬೈಲ್ ಆರಿಸಿ, ಮನೆಮಂದಿಯೆಲ್ಲ ಕೂತು ಈ ಮೂರನೆಯ ಪ್ರಶ್ನೆಯಿಂದಲೇ ಮಾತು ಆರಂಭಿಸಿ. ಮೊದಲು ದೊಡ್ಡವರು ಹೇಳಲಿ. ಮಕ್ಕಳು ಆಮೇಲೆ ತಾವಾಗಿಯೇ ಹೇಳುತ್ತಾರೆ.