ಅಪ್ಪನ ಪಾಸ್‌ಪೋರ್ಟಿಗೆ ಹತ್ತು ವರ್ಷ, ಮಗಳದ್ದಕ್ಕೆ ಐದೇ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂದೂವರೆ ಎರಡು ತಿಂಗಳು ಹೊರದೇಶ ಸುತ್ತಿ ಬರುವುದು ಈಗ ಬೆಂಗಳೂರಿನ ದೊಡ್ಡ ಸಂಬಳದವರ ಶೋಕಿಯಾಗಿ ಉಳಿದಿಲ್ಲ. ಹಾಸನ, ದಾವಣಗೆರೆ, ಶಿರಸಿಯ ಮನೆಗಳಿಂದಲೂ ಹೋಗುತ್ತಾರೆ. ತಂಗಿ ಡಲ್ಲಾಸ್‌ನಲ್ಲಿದ್ದಾಳೆ, ಭಾವ ದುಬೈಯಲ್ಲಿದ್ದಾನೆ. ಪರೀಕ್ಷೆ ಮುಗಿದ ಮಾರನೇ ದಿನ ಹೊರಟರೆ ಶಾಲೆ ಶುರುವಾಗುವ ಹೊತ್ತಿಗೆ ವಾಪಸ್. ಇವರಲ್ಲಿ ಕೆಲವರು ನನ್ನ ಕಚೇರಿಗೆ ಬರುವುದು ದುಡ್ಡು ಹೋದ ಮೇಲೆ. "ಏರ್‌ಲೈನ್ಸ್ ಮೇಲೆ ಕೇಸ್ ಹಾಕಬೇಕು ಸಾರ್" ಎಂದೇ ಮಾತು ಶುರು ಮಾಡುತ್ತಾರೆ. ಕಾಗದಪತ್ರ ಬಿಚ್ಚಿ ನೋಡಿದರೆ ಏರ್‌ಲೈನ್ಸ್‌ನವರ ತಪ್ಪು ಏನೂ ಇರುವುದಿಲ್ಲ.

ಇತ್ತೀಚೆಗೆ ಬಂದ ಗಂಡ ಹೆಂಡತಿಯ ಕಥೆ ಹೀಗಿತ್ತು. ಸಿಂಗಪುರ, ಅಲ್ಲಿಂದ ಮಲೇಷ್ಯಾ. ದೇವನಹಳ್ಳಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹುಡುಗಿ ನಾಲ್ಕು ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡಳು. ಮೂರನ್ನು ಒಂದರ ಮೇಲೊಂದು ಇಟ್ಟಳು. ಕಿರಿಯ ಮಗಳದ್ದನ್ನು ಮಾತ್ರ ಫೋಟೊ ಇರುವ ಪುಟದಲ್ಲಿ ತೆರೆದು, ಬೆರಳಿಟ್ಟು, ಮೇಲಿನವರನ್ನು ಕರೆದಳು. ಅದರಲ್ಲಿ ಇನ್ನೂ ನಾಲ್ಕು ತಿಂಗಳ ಅವಧಿ ಇತ್ತು. "ಮೂವರು ಹೋಗಬಹುದು, ಮಗು ಹೋಗುವಂತಿಲ್ಲ" ಎಂದರು. ಆರು ವರ್ಷದ ಮಗುವನ್ನು ನಿಲ್ದಾಣದಲ್ಲಿ ಬಿಟ್ಟು ಯಾರು ಹೋಗುತ್ತಾರೆ? ನಾಲ್ವರೂ ಮನೆಗೆ ಬಂದರು. ಟಿಕೆಟ್ ಹೋಯಿತು, ಹೋಟೆಲ್ ಮುಂಗಡ ಹೋಯಿತು.

ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವ ಗುಂಡಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ. ಹದಿನೆಂಟು ತುಂಬದವರದ್ದು ಐದು ವರ್ಷಕ್ಕೆ, ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. (ಹದಿನೈದು ದಾಟಿದ ಮಕ್ಕಳು ಹತ್ತು ವರ್ಷದ್ದನ್ನೇ ಕೇಳಬಹುದು, ಆ ಮಾತು ಇಲ್ಲಿ ಬೇಡ.) ನಾಲ್ಕೂ ಪುಸ್ತಕಗಳನ್ನು ಒಂದೇ ದಿನ ಮಾಡಿಸಿ, ಒಂದೇ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಇಟ್ಟಿರುತ್ತೀರಿ. ಅಪ್ಪನದ್ದು ತೆರೆದು ನೋಡಿ "ಇನ್ನೂ ಐದು ವರ್ಷ ಇದೆ" ಎಂದು ಕವರು ಮುಚ್ಚುತ್ತೀರಿ. ತಪ್ಪುವುದು ಅಲ್ಲೇ.

ಇದಕ್ಕೆ ಎರಡನೇ ಹೊಡೆತ ಕೂಡಿಕೊಳ್ಳುತ್ತದೆ. ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾ, ಯುಎಇ ದೇಶಗಳು ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳು. ಮಗುವಿನ ಪಾಸ್‌ಪೋರ್ಟ್ 2021ರ ಆಗಸ್ಟ್ 10ಕ್ಕೆ ಕೊಟ್ಟದ್ದು, 2026ರ ಆಗಸ್ಟ್ 9ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಏಪ್ರಿಲ್ 1ಕ್ಕೆ ಸಿಂಗಪುರದಲ್ಲಿ ಇಳಿಯುವವರಿಗೆ ಅಕ್ಟೋಬರ್ ಮೊದಲ ದಿನದವರೆಗಾದರೂ ಅವಧಿ ಬೇಕು, ಇಲ್ಲ. ಯುರೋಪ್ ಸುತ್ತಿ ಮೇ 20ಕ್ಕೆ ಹೊರಡುವವರಿಗೆ ಆಗಸ್ಟ್ 20ರವರೆಗೆ ಬೇಕು. ಹನ್ನೊಂದು ದಿನ ಕಡಿಮೆ, ವೀಸಾ ಸಿಗುವುದಿಲ್ಲ. ಅದೇ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಹೋಗಬಹುದು, ಏಕೆಂದರೆ ಭಾರತದ ಪಾಸ್‌ಪೋರ್ಟಿಗೆ ಅಮೆರಿಕ ಆರು ತಿಂಗಳ ಷರತ್ತನ್ನು ಬಿಟ್ಟುಕೊಟ್ಟಿದೆ, ಅಲ್ಲಿ ಇರುವಷ್ಟು ದಿನಕ್ಕೆ ಅವಧಿ ಇದ್ದರೆ ಸಾಕು. ಆದರೆ "ಹೋಗುತ್ತಾ ದುಬೈಯಲ್ಲಿ ಎರಡು ದಿನ ಇಳಿದು ಬುರ್ಜ್ ಖಲೀಫಾ ತೋರಿಸೋಣ" ಎಂದಿರೋ, ದುಬೈಯ ಆರು ತಿಂಗಳು ಬಂದು ಅಡ್ಡ ನಿಂತಿತು. ಒಟ್ಟಿನಲ್ಲಿ ಮಗುವಿನ ಐದು ವರ್ಷ ಎಂದರೆ ನಾಲ್ಕೂವರೆ ಎಂದೇ ಹಿಡಿಯಿರಿ.

ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಮಗುವಿನ ಹಳೆಯ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದರೆ ಗಾಬರಿ ಬೇಡ. ಪುಸ್ತಕ ರದ್ದಾದರೂ ಅವಧಿಯೊಳಗಿನ ವೀಸಾ ರದ್ದಾಗುವುದಿಲ್ಲ. ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಒಯ್ಯಬೇಕು. ರದ್ದು ಮಾಡುವವರು ಮೂಲೆ ಕತ್ತರಿಸುವ ಭರದಲ್ಲಿ ವೀಸಾ ಪುಟಕ್ಕೆ ಕತ್ತರಿ ಹಾಕದ ಹಾಗೆ ಕೌಂಟರಿನಲ್ಲೇ ಹೇಳಿ.

ಅರ್ಜಿ ಹಾಕುವುದು ಹೇಗೆ? ಸರ್ಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣ ಅಥವಾ ಎಂಪಾಸ್‌ಪೋರ್ಟ್ ಸೇವಾ ಆಪ್, ಎರಡೇ. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ಶುಲ್ಕದ ಮೇಲೆ ಶುಲ್ಕ ಹಾಕುತ್ತವೆ. ಮಗುವಿನ 36 ಪುಟದ ಪಾಸ್‌ಪೋರ್ಟಿಗೆ 1,000 ರೂಪಾಯಿ. ತತ್ಕಾಲ್‌ನಲ್ಲಿ ಬೇಕಾದರೆ ಇನ್ನೂ 2,000. ಎಂಟು ವರ್ಷದೊಳಗಿನ ಮಗುವಿಗೆ ಮೊದಲ ಸಲ ಮಾಡಿಸುವಾಗ ಶೇ. 10 ರಿಯಾಯಿತಿ ಇದೆ. ಇದಕ್ಕಿಂತ ಹೆಚ್ಚು ಕೇಳಿದವರು ತಮ್ಮ ಜೇಬಿಗೆ ಕೇಳುತ್ತಿದ್ದಾರೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಸೇವಾ ಕೇಂದ್ರಗಳಲ್ಲದೆ ಹಲವು ಜಿಲ್ಲೆಗಳ ಅಂಚೆ ಕಚೇರಿಗಳಲ್ಲೂ ಕೇಂದ್ರಗಳಿವೆ. ಮಗುವನ್ನು ಕರೆದೊಯ್ಯಲೇಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಿರಿ.

ಮುಖ್ಯ ಕಾಗದ ಅನೆಕ್ಷರ್ ಡಿ, ಅಂದರೆ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ. ಇದನ್ನು ಬಿಳಿ ಹಾಳೆಯ ಮೇಲೆ ಬರೆದರೆ ಸಾಕು. ಪಾಸ್‌ಪೋರ್ಟಿನ ಅನೆಕ್ಷರ್‌ಗಳಿಗೆ ನೋಟರಿಯೂ ಬೇಡ, ಮ್ಯಾಜಿಸ್ಟ್ರೇಟರ ಸಹಿಯೂ ಬೇಡ ಎಂದು 2016ರ ಡಿಸೆಂಬರಿನಲ್ಲೇ ವಿದೇಶಾಂಗ ಸಚಿವಾಲಯ ಸಾರಿದೆ. ಆದರೂ ನನ್ನ ಮೇಜಿಗೆ ಬರುವ ಅನೆಕ್ಷರ್‌ಗಳು ಸ್ಟ್ಯಾಂಪ್ ಪೇಪರಿನ ಮೇಲೆ, ಕೆಂಪು ಮೊಹರು ಹೊಡೆಸಿಕೊಂಡು ಬರುತ್ತವೆ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯವನಿಗೆ ಅದು ದಿನದ ಗಿರಾಕಿ; ನಮ್ಮ ನೋಟರಿ ಮಿತ್ರರೂ "ಬೇಡ" ಎಂದು ಹೇಳಿ ಯಾರನ್ನೂ ವಾಪಸ್ ಕಳಿಸಿದ್ದನ್ನು ನಾನು ಕಂಡಿಲ್ಲ.

ಇಬ್ಬರೂ ಕೇಂದ್ರಕ್ಕೆ ಬರಬೇಕೇ? ಬೇಡ. ಇಬ್ಬರ ಸಹಿ ಇದ್ದು, ಇಬ್ಬರ ಪಾಸ್‌ಪೋರ್ಟ್ ದಾಖಲೆ ಇದ್ದರೆ ಒಬ್ಬರು ಬಂದರೆ ಸಾಕು. ತಾಯಿ ಒಬ್ಬಳೇ ಬಂದಾಗ "ಯಜಮಾನರು ಎಲ್ಲಿ?" ಎಂಬ ಪ್ರಶ್ನೆ ಬರುವುದುಂಟು. ತಾಯಿಯೂ ಮಗುವಿನ ಸಹಜ ಪಾಲಕಿ ಎಂದು ಸುಪ್ರೀಂ ಕೋರ್ಟ್ ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಹೇಳಿದೆ. ಆ ತೀರ್ಪು ಕೆಲವು ಕೌಂಟರುಗಳನ್ನು ಇನ್ನೂ ತಲುಪಿಲ್ಲ. ಜಗಳ ಬೇಡ. "ಆಗುವುದಿಲ್ಲ ಎಂದರೆ ಕಾರಣ ಬರೆದುಕೊಡಿ" ಎಂದು ಕೇಳಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದು 1967ರ ಪಾಸ್‌ಪೋರ್ಟ್ ಕಾಯ್ದೆಯೇ ಹೇಳುತ್ತದೆ. ಬರೆಯಬೇಕು ಎಂದ ಕೂಡಲೇ ಎಷ್ಟೋ "ಆಗುವುದಿಲ್ಲ"ಗಳು ಆಗುತ್ತವೆ. ತಂದೆ ಹೊರದೇಶದಲ್ಲಿದ್ದರೆ ಮಾತ್ರ ವಿನಾಯಿತಿ ಕಡಿಮೆ: ಅಲ್ಲಿನ ಭಾರತೀಯ ರಾಯಭಾರ ಕಚೇರಿ ದೃಢೀಕರಿಸಿದ ಒಪ್ಪಿಗೆ ಕೇಳುತ್ತಾರೆ, ಅದು ಅಂಚೆಯಲ್ಲಿ ಬರಲು ಹಿಡಿಯುವ ದಿನಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಒಬ್ಬರ ಒಪ್ಪಿಗೆ ಸಿಗುವುದೇ ಇಲ್ಲ ಎಂದಾದರೆ ಅನೆಕ್ಷರ್ ಸಿ ಇದೆ. ಬೇರೆಯಾಗಿದ್ದೇವೆ, ಬಿಟ್ಟುಹೋಗಿದ್ದಾರೆ, ಕೋರ್ಟಿನಲ್ಲಿ ಕೇಸಿದೆ, ಹೀಗೆ ಇದ್ದದ್ದನ್ನು ಇದ್ದಂತೆ ಬರೆಯುವ ಘೋಷಣೆ ಅದು. ಏಜೆಂಟರು ಅನಾಹುತ ಮಾಡುವುದು ಇಲ್ಲೇ. ಗಂಡ ಊರಲ್ಲಿಲ್ಲ, ಸಹಿಗೆ ಕಾಯುವಷ್ಟು ಸಮಯವಿಲ್ಲ ಎಂದರೆ "ಸಿಂಗಲ್ ಪೇರೆಂಟ್ ಅಂತ ಹಾಕಿಬಿಡೋಣ ಮೇಡಂ" ಎನ್ನುತ್ತಾರೆ. ಕೇಸ್ ನಡೆಯುತ್ತಿದ್ದರೂ "ಇಲ್ಲ" ಎಂದು ಟಿಕ್ ಹಾಕುತ್ತಾರೆ. ಕೆಳಗಿನ ಸಹಿ ಏಜೆಂಟನದ್ದಲ್ಲ, ನಿಮ್ಮದು. ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದರೆ ಕಾಯ್ದೆಯ 12ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಾಸ್‌ಪೋರ್ಟನ್ನು ವಶಕ್ಕೂ ಪಡೆಯಬಹುದು. ಆ ಹೊತ್ತಿಗೆ ಏಜೆಂಟನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಇನ್ನು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಗುವಿಗೆ ಜನ್ಮದಿನಾಂಕದ ಪುರಾವೆ ಇದೊಂದೇ. ಆಧಾರ್ ತೋರಿಸಿದರೆ ನಡೆಯುವುದಿಲ್ಲ. ಬಹಳ ಮನೆಗಳಲ್ಲಿ ಇರುವುದು ಆಸ್ಪತ್ರೆಯಿಂದ ಬಂದಾಗ ಸಿಕ್ಕ, ಮಗುವಿನ ಹೆಸರೇ ಇಲ್ಲದ ಪ್ರಮಾಣಪತ್ರ. ನಾಮಕರಣ ಆದ ಮೇಲೆ ಹೆಸರು ಸೇರಿಸಲು ಯಾರಿಗೂ ನೆನಪಾಗುವುದಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಆ ಕೆಲಸಕ್ಕೆ ಶುಲ್ಕವಿಲ್ಲ; ಆಮೇಲೆ ಹದಿನೈದು ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸಬಹುದು. ನೋಂದಣಿಯೇ ಆಗಿಲ್ಲದಿದ್ದರೆ, ಅದರಲ್ಲೂ ವರ್ಷ ದಾಟಿದ್ದರೆ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ದಾರಿ ಉದ್ದ, ಟಿಕೆಟ್ ಆಮೇಲೆ ಮಾಡಿ. ಪುರಸಭೆಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿಯ ಸಂಖ್ಯೆ ಕೇಳಿ ಪಡೆಯಿರಿ. "ನಾಳೆ ಬನ್ನಿ" ಎನ್ನುವವರ ಎದುರು ನಿಮಗಿರುವ ಹಿಡಿತ ಅದೊಂದೇ: ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮೊತ್ತ ಪುಡಿಗಾಸು, ಆದರೆ ಗುಮಾಸ್ತರಿಗೆ ಅದು ಕಡತದಲ್ಲಿ ದಾಖಲಾಗುವುದು ಹಿಡಿಸುವುದಿಲ್ಲ.

ಹೆಸರು ಬರೆಯುವಾಗ ನಮ್ಮವರ ಇನಿಶಿಯಲ್ ಪ್ರೀತಿ ಬಿಡಿ. ಪಾಸ್‌ಪೋರ್ಟಿನಲ್ಲಿ "ಕೆ. ಎಸ್." ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆಂದು ಮಗುವಿಗೆ ಒಂದೇ ಹೆಸರು ಬರೆಸಿ ಮನೆತನದ ಹೆಸರಿನ ಜಾಗ ಖಾಲಿ ಬಿಡುವುದೂ ಒಳ್ಳೆಯದಲ್ಲ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಸಡಿಲಿಸಿದರೂ, ಆ ಸಡಿಲಿಕೆಯನ್ನು ರಾತ್ರಿ ಎರಡಕ್ಕೆ ಕೌಂಟರಿನಲ್ಲಿ ವಾದಿಸುವ ಕಷ್ಟ ಏಕೆ?

ವೀಸಾ ಶುಲ್ಕದ ಬಗ್ಗೆ ಒಂದು ಮಾತು. ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 2024ರ ಜೂನ್‌ನಿಂದ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45, ಆರು ತುಂಬದ ಮಕ್ಕಳಿಗೆ ಸೊನ್ನೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ, ಅದು ಇರಲಿ. ಆದರೆ ನಾಲ್ಕು ವರ್ಷದ ಮಗುವಿಗೂ "ವೀಸಾ ಫೀ" ಎಂದು ದೊಡ್ಡವರ ಲೆಕ್ಕ ಹಾಕಿದ ಬಿಲ್ಲುಗಳನ್ನು ನೋಡಿ ನನಗೆ ಸಾಕಾಗಿದೆ. ಬಿಡಿ ಬಿಡಿಯಾಗಿ ರಸೀದಿ ಕೇಳಿ. ಯುರೋಪಿನಲ್ಲಿ ದೀರ್ಘವಾಗಿ ಇರುವವರು ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ ಎಂಬುದನ್ನೂ ನೆನಪಿಡಿ; ಮಕ್ಕಳಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ವಿಮಾನದಲ್ಲಿ ಮಗುವನ್ನು ಬೇರೆ ಸಾಲಿನಲ್ಲಿ ಕೂರಿಸಿ, "ಪಕ್ಕದ ಸೀಟಿಗೆ ಹಣ ಕಟ್ಟಿ" ಎನ್ನುವುದೂ ಇದೆ. ಒಂದೇ ಬುಕಿಂಗ್ ಸಂಖ್ಯೆಯಲ್ಲಿ (ಪಿಎನ್‌ಆರ್) ಪ್ರಯಾಣಿಸುವ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ತಂದೆ ತಾಯಿಯಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಏರ್‌ಲೈನ್ಸ್‌ಗಳಿಗೆ ಸೂಚಿಸಿದೆ.

ಹಣ ಹೋದ ಮೇಲೆ ಏನು? ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳುವುದು ಪ್ರಯಾಣಿಕರ ಹೊಣೆ, ಆದ್ದರಿಂದ ಏರ್‌ಲೈನ್ಸ್ ಮೇಲಿನ ದೂರು ನಿಲ್ಲುವುದು ಕಷ್ಟ. ಆದರೆ ಪಾಸ್‌ಪೋರ್ಟ್ ಪ್ರತಿ ಪಡೆದು, ದಾಖಲೆ ಪರಿಶೀಲನೆಗೆಂದು ಹಣ ತೆಗೆದುಕೊಂಡ ಟೂರ್ ಏಜೆಂಟ್ ಬಾಯಿ ಮುಚ್ಚಿಕೊಂಡಿದ್ದರೆ ಅದು ಸೇವಾಲೋಪ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ರಸೀದಿಯ ಕೆಳಗೆ "ಮುಂಬೈ ನ್ಯಾಯಾಲಯ ಮಾತ್ರ" ಎಂದು ಅಚ್ಚಾಗಿದ್ದರೆ ಹೆದರಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಕೆಲವರು ಅಲ್ಲೇ ಬಗ್ಗುತ್ತಾರೆ. ಏಜೆಂಟರಿಗೆ ನಗದು ಕೊಟ್ಟವರು ಮಾತ್ರ ನನ್ನ ಹತ್ತಿರ ಬಂದು ಕಣ್ಣೀರು ಹಾಕಿ ಪ್ರಯೋಜನವಿಲ್ಲ. ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕ್ ಪಾವತಿ ಇದ್ದರೆ ಮಾತಾಡೋಣ.

ಮಗುವಿನೊಂದಿಗೆ ಒಬ್ಬರೇ ಹೋಗುವವರು, ಅಜ್ಜಿ ತಾತನ ಜೊತೆ ಕಳಿಸುವವರು ಇನ್ನೊಬ್ಬರ ಒಪ್ಪಿಗೆ ಪತ್ರ ಒಯ್ಯಬೇಕು. ಇಲ್ಲಿ ನೋಟರಿ ಮಾಡಿಸಿ. ಹಲವು ದೇಶಗಳ ವೀಸಾ ಅಧಿಕಾರಿಗಳು ಕೇಳುತ್ತಾರೆ. ಬೇಡವಾದ ಕಡೆ ಮೊಹರು ಹೊಡೆಸುವ ಜನ ಬೇಕಾದ ಕಡೆ ಮರೆಯುತ್ತಾರೆ. ಜನನ ಪ್ರಮಾಣಪತ್ರದ ಪ್ರತಿಯೂ ಜೊತೆಗಿರಲಿ.

ಗಂಡ ಹೆಂಡಿರ ನಡುವೆ ಕೇಸಿದ್ದರೆ ಒಪ್ಪಿಗೆ ಪತ್ರ ಸಾಲದು. ಕೋರ್ಟೇ ಪಾಲಕರನ್ನು ನೇಮಿಸಿದ್ದರೆ, ಆ ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ ಎನ್ನುತ್ತದೆ 1890ರ ಪಾಲಕರ ಕಾಯ್ದೆ. ಮಗುವಿನ ಸುಪರ್ದಿಗೆ ಕೇಸ್ ನಡೆಯುತ್ತಿರುವವರೂ ಅನುಮತಿ ಪಡೆದೇ ಹೋಗಲಿ. "ಬರೀ ರಜೆಗೆ ತಾನೆ" ಎಂದು ಹೇಳದೆ ಹೋದವರನ್ನು ಎದುರು ಪಕ್ಷದ ವಕೀಲರು ಮಗುವನ್ನು ಹಾರಿಸಿಕೊಂಡು ಹೋದವರೆಂದೇ ಚಿತ್ರಿಸುತ್ತಾರೆ. ಅರ್ಜಿಯ ಜೊತೆ ಹೋಗಿಬರುವ ಎರಡೂ ಟಿಕೆಟ್, ಉಳಿಯುವ ಮನೆಯ ವಿಳಾಸ, ಶಾಲೆಯ ರಜಾ ಪತ್ರ, ಇನ್ನೊಬ್ಬರಿಗೆ ವಿಡಿಯೊ ಕರೆಯ ದಿನಗಳು, ವಾಪಸ್ ಬರುವ ಮುಚ್ಚಳಿಕೆ ಇರಲಿ. ಮತ್ತೆ, ಶಾಲೆಗೆ ರಜೆ ಇರುವಾಗಲೇ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ಮೇ ತಿಂಗಳ ಪ್ರಯಾಣಕ್ಕೆ ಫೆಬ್ರವರಿಯಲ್ಲೇ ಅರ್ಜಿ ಬೀಳಬೇಕು. ಏಪ್ರಿಲ್ ಕೊನೆಯಲ್ಲಿ ಓಡಿಬಂದರೆ ರಜಾಕಾಲದ ನ್ಯಾಯಾಧೀಶರ ಮುಂದೆ ಇದು ತುರ್ತು ಎಂದು ಒಪ್ಪಿಸಬೇಕಾಗುತ್ತದೆ, ಡಿಸ್ನಿಲ್ಯಾಂಡ್ ನೋಡುವುದನ್ನು ತುರ್ತೆಂದು ಒಪ್ಪಿಸುವುದು ಯಾವ ವಕೀಲನಿಗೂ ಸುಲಭವಲ್ಲ.