ಲಂಬರೇಖೆಯ ಸಮೀಕರಣವೂ ಹೊಲದ ಅಳತೆಯೂ

ಚನ್ನಗಿರಿಯ ಅಡಿಕೆ ತೋಟವಾಗಲಿ, ಹೊನ್ನಾಳಿ ಮತ್ತು ನ್ಯಾಮತಿಯ ಗದ್ದೆಯಾಗಲಿ, ಜಗಳೂರಿನ ಬೆದ್ದಲು ಹೊಲವಾಗಲಿ, ಸರಿಯಾದ ಚೌಕಾಕಾರದಲ್ಲಿರುವುದು ವಿರಳ. ಹಳ್ಳದ ದಂಡೆ, ಬದು, ಬಂಡಿದಾರಿಗಳು ಅಂಚನ್ನು ಓರೆಯಾಗಿಸಿರುತ್ತವೆ. ಇಂತಹ ಭೂಮಿಯನ್ನು ಅಳೆಯಲು ಭೂಮಾಪಕರು ಒಂದು ಬಾಂದುಕಲ್ಲಿನಿಂದ ಇನ್ನೊಂದಕ್ಕೆ ಆಧಾರರೇಖೆ ಹಿಡಿದು, ಉಳಿದ ಮೂಲೆಗಳಿಂದ ಅದಕ್ಕೆ ಲಂಬಗಳನ್ನು ಅಳೆಯುತ್ತಿದ್ದರು. ಅವರ ಸರಪಳಿ 33 ಅಡಿ ಉದ್ದದ್ದು. ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ.

ತರಗತಿಯಲ್ಲಿ ಕಲಿಸುವ ಲಂಬರೇಖೆಯ ಸಮೀಕರಣವು ಇದೇ ಕಾರ್ಯವನ್ನು ಕಾಗದದ ಮೇಲೆ ನೆರವೇರಿಸುತ್ತದೆ. ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ತ್ರಿಕೋನಾಕಾರದ ಹೊಲವೊಂದರ ಮೂರು ಕಲ್ಲುಗಳು ಅ (0, 0), ಆ (8, 6), ಇ (3, 6) ಎಂಬ ಬಿಂದುಗಳಲ್ಲಿವೆಯೆಂದು ಭಾವಿಸೋಣ, ಅಳತೆ ಸರಪಳಿಗಳಲ್ಲಿದೆ. ಅಡ್ಡ ದೂರ ಕ್ಷ, ಎತ್ತರ ಯ ಆಗಿರಲಿ. ‘ಅ’ದಿಂದ ‘ಆ’ಗೆ ಹೋಗುವಾಗ 4 ಅಡ್ಡಕ್ಕೆ 3 ಮೇಲೇರಬೇಕು. ಆದುದರಿಂದ ಇಳಿಜಾರು 3/4; ಸಮೀಕರಣ 3ಕ್ಷ − 4ಯ = 0.

ಈ ರೇಖೆಯನ್ನು ಕಾಲು ಸುತ್ತು ತಿರುಗಿಸಿದರೆ ಅಡ್ಡದ 4 ಮೇಲಕ್ಕೆ ಏಳುತ್ತದೆ, ಮೇಲಿನ 3 ಹಿಂದಕ್ಕೆ ಸರಿಯುತ್ತದೆ. ಹೊಸ ಇಳಿಜಾರು −4/3. ಎರಡು ಇಳಿಜಾರುಗಳ ಗುಣಲಬ್ಧ −1 ಎಂಬ ನಿಯಮದ ಮೂಲ ಇದೇ. ಇದನ್ನು ಕಂಠಪಾಠ ಮಾಡಬೇಕಾದ ಅಗತ್ಯವಿಲ್ಲ. ಆಧಾರರೇಖೆಯು ನೇರ ಮೇಲ್ಮುಖವಾಗಿದ್ದರೆ ಮಾತ್ರ ಅದಕ್ಕೆ ಇಳಿಜಾರಿಲ್ಲ. ಆಗ ಲಂಬವು ಅಡ್ಡರೇಖೆಯಾಗುತ್ತದೆ.

ಇನ್ನು ‘ಇ’ ಮೂಲಕ ಹಾಯುವ ಲಂಬ: ಯ − 6 = −4/3 (ಕ್ಷ − 3), ಅಂದರೆ 4ಕ್ಷ + 3ಯ = 30. ಎರಡು ಸಮೀಕರಣಗಳನ್ನು ಬಿಡಿಸಿದರೆ ಲಂಬಪಾದ (4.8, 3.6) ದೊರೆಯುತ್ತದೆ. ಇದು ‘ಅ’ದಿಂದ 6 ಸರಪಳಿ ದೂರದಲ್ಲಿದೆ, ಲಂಬದ ಉದ್ದ 3 ಸರಪಳಿ. ಆಧಾರರೇಖೆ 10 ಸರಪಳಿಯಾದುದರಿಂದ ವಿಸ್ತೀರ್ಣ 15 ಗುಂಟೆ.

ಲಂಬಪಾದವನ್ನು ಹುಡುಕುವ ಶ್ರಮ ತಪ್ಪಿಸಿ, ಆಧಾರರೇಖೆಯ ನಡುಬಿಂದು (4, 3)ಕ್ಕೆ ಸರಪಳಿ ಎಳೆದರೆ ಉದ್ದ ಸುಮಾರು 3.16 ಬರುತ್ತದೆ. ಅದನ್ನೇ ಲಂಬವೆಂದು ಬರೆದರೆ ವಿಸ್ತೀರ್ಣ 15.8 ಗುಂಟೆಯನ್ನು ಮೀರುತ್ತದೆ. ನೆಲದಲ್ಲಿಲ್ಲದ ಸುಮಾರು 13 ಆಣೆ ಭೂಮಿ ಕಾಗದದಲ್ಲಿ ಹುಟ್ಟಿತು! ಕೊಳ್ಳುವವನು ಇಲ್ಲದ ನೆಲಕ್ಕೆ ಹಣ ತೆರುತ್ತಾನೆ. ಪಾಲಾದಾಗ ಅಣ್ಣತಮ್ಮಂದಿರು ಅದಕ್ಕಾಗಿ ವ್ಯಾಜ್ಯಕ್ಕೆ ನಿಲ್ಲುತ್ತಾರೆ. ಓರೆಗೆರೆಯು ಲಂಬಕ್ಕಿಂತ ಸದಾ ಉದ್ದವಾದುದರಿಂದ, ಇಂತಹ ಲೆಕ್ಕದಲ್ಲಿ ತಪ್ಪು ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ.

ಇಂದು ಅಳತೆಗೆ ವಿದ್ಯುನ್ಮಾನ ಉಪಕರಣಗಳು ಬಂದಿವೆ. ಅವುಗಳೊಳಗಿನ ಗಣಿತ ಬದಲಾಗಿಲ್ಲ. ಶಿಕ್ಷಕರು ಒಂದು ಹಗ್ಗಕ್ಕೆ ಸಮಾನ ಅಂತರದಲ್ಲಿ ಗಂಟು ಹಾಕಿ, 3, 4, 5 ಭಾಗಗಳ ತ್ರಿಕೋನ ಮಾಡಿ, ಶಾಲೆಯ ಅಂಗಳದಲ್ಲೇ ಲಂಬಕೋನವನ್ನು ಮಕ್ಕಳಿಂದ ಹಿಡಿಸಬಹುದು. ಹಾಗೆ ಕಲಿತ ವಿದ್ಯಾರ್ಥಿಯು ಮುಂದೆ ತನ್ನ ಮನೆಯ ಹೊಲದ ನಕ್ಷೆಯನ್ನು ತಾನೇ ಓದಿ ಸರಿನೋಡಬಲ್ಲನು.